ಪಾಸ್ತಾದ ಕಟ್ಟು ಚೆಲ್ಲಬೇಡಿ

ಒಬ್ಬಟ್ಟಿಗೆ ಬೇಳೆ ಬೇಯಿಸಿದಾಗ ಕಟ್ಟು ಚೆಲ್ಲುವವರುಂಟೇ? ಸಾರಿನ ರುಚಿಯೇ ಅದರಲ್ಲಿದೆ. ಪಾಸ್ತಾ ಬೆಂದ ನೀರನ್ನು ಮಾತ್ರ ನಾವು ಸೀದಾ ಸಿಂಕಿಗೆ ಸುರಿಯುತ್ತೇವೆ; ಮೇಲೆ ತಣ್ಣೀರಿನ ಸ್ನಾನ ಬೇರೆ! ಪಿಷ್ಟವೆಲ್ಲ ತೊಳೆದುಹೋದರೆ ಸಾಸ್ ಹತ್ತಿಕೊಳ್ಳುವುದಾದರೂ ಹೇಗೆ?

ನಾನು ಮಾಡುವುದು ಹೀಗೆ: 100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರು. ಕುದಿ ಬಂದ ಮೇಲೆ ಒಂದೂವರೆ ಟೀ ಚಮಚ ಉಪ್ಪು. ಎಣ್ಣೆ ಬೇಡ. ಪೊಟ್ಟಣದ ಮೇಲೆ ಬರೆದ ಸಮಯಕ್ಕಿಂತ 2 ನಿಮಿಷ ಮೊದಲೇ, ನಡುವೆ ಇನ್ನೂ ಸ್ವಲ್ಪ ಗಟ್ಟಿ ಇರುವಾಗಲೇ ತೆಗೆದು, ಬೆಳ್ಳುಳ್ಳಿ-ಟೊಮೆಟೊ ಬಾಡಿಸಿದ ಬಾಣಲೆಗೆ ಹಾಕುತ್ತೇನೆ. ಬೆಂದ ನೀರು ಒಂದು ಸೌಟು ಸೇರಿಸಿ, ಜೋರು ಉರಿಯಲ್ಲಿ 2 ನಿಮಿಷ ಕೈಯಾಡಿಸಿದರೆ ಸಾಯಿತು, ಸಾಸ್ ಮಂದವಾಗಿ ಹೊಳೆಯುತ್ತದೆ. ಕ್ರೀಮ್ ಬೇಕಿಲ್ಲ.

ಪಾರ್ಸೆಲ್ ಡಬ್ಬಿ ಹಿಡಿದು ಕೋಣೆ ಸೇರುತ್ತಿದ್ದ ಮಗಳು ಈಗ ರವಿವಾರ ತಾನೇ ನೀರಿಡುತ್ತಾಳೆ. ನಾಲ್ವರೂ ಒಟ್ಟಿಗೆ ಉಣ್ಣುತ್ತೇವೆ.