ಸೂಜಿಗೆ ಮುಂಚೆ ಮಾತು

ರಕ್ತಪರೀಕ್ಷೆಯ ವರದಿಯಲ್ಲಿ ‘1:250’ ಎಂದು ಕಂಡರೆ ಸಾಕು, ಗರ್ಭಿಣಿಯ ಮನೆಯಲ್ಲಿ ಅಂದು ಒಲೆ ಉರಿಯುವುದಿಲ್ಲ. ಮಗುವಿಗೆ ಡೌನ್ ಸಿಂಡ್ರೋಮ್ ಎಂಬ ಕ್ರೋಮೋಸೋಮ್ ದೋಷ ಇದ್ದೇ ಇದೆ ಎಂದುಕೊಳ್ಳುತ್ತಾರೆ. ಆಪ್ತಸಮಾಲೋಚಕಿಯಾದ ನಾನು ಹಾಳೆಯ ಮೇಲೆ 250 ಚುಕ್ಕಿ ಇಟ್ಟು, ಒಂದಕ್ಕೆ ಮಾತ್ರ ಸುತ್ತು ಹಾಕಿ ತೋರಿಸುತ್ತೇನೆ. ಉಳಿದ 249 ಚುಕ್ಕಿ ಕಂಡ ಮೇಲಷ್ಟೇ ನನ್ನ ಮಾತು ಅವರ ಕಿವಿಗೆ ಬೀಳುವುದು.

ಈ ಅನುಮಾನ ಬಗೆಹರಿಸಲು ಇರುವ ಪರೀಕ್ಷೆ ಆಮ್ನಿಯೋಸೆಂಟೆಸಿಸ್. ಸಾಮಾನ್ಯವಾಗಿ 15 ವಾರ ತುಂಬಿದ ಮೇಲೆ, ಹೊಟ್ಟೆಯ ಮೂಲಕ ತೆಳುವಾದ ಸೂಜಿ ಹಾಕಿ ಸುಮಾರು 15–20 ಮಿ.ಲೀ. ಗರ್ಭಜಲ ತೆಗೆಯುತ್ತಾರೆ. ಮಗುವಿಗೆ ಚುಚ್ಚುವುದಿಲ್ಲವೇ ಎಂಬುದು ಎಲ್ಲರ ಮೊದಲ ಪ್ರಶ್ನೆ. ಉದ್ದಕ್ಕೂ ಸ್ಕ್ಯಾನಿಂಗ್ ಪರದೆ ನೋಡುತ್ತಲೇ ಸೂಜಿ ಹಾಕುವುದು ಅದಕ್ಕಾಗಿಯೇ. ಆ ನೀರಿನಲ್ಲಿರುವ ಮಗುವಿನ ಜೀವಕೋಶಗಳನ್ನು ಬೆಳೆಸಿ ಕ್ರೋಮೋಸೋಮ್ ನೋಡಲು ಎರಡು ವಾರವಾದರೂ ಹಿಡಿದೀತು. ಗರ್ಭಪಾತದ ಅಪಾಯ ಅಲ್ಪ, ಆದರೆ ಸೊನ್ನೆಯಲ್ಲ. ಎಲ್ಲ ದೋಷಗಳೂ ಇದರಲ್ಲಿ ಪತ್ತೆಯಾಗುವುದಿಲ್ಲ.

1994ರ ಪಿಸಿಪಿಎನ್‌ಡಿಟಿ ಕಾಯ್ದೆ ಎಂದರೆ ಲಿಂಗ ಪತ್ತೆಗೆ ನಿಷೇಧ ಎಂಬುದಷ್ಟೇ ಜನಕ್ಕೆ ಗೊತ್ತು. ಇಂಥ ಪರೀಕ್ಷೆಗೆ ಮುನ್ನ ಅಡ್ಡಪರಿಣಾಮಗಳನ್ನು ವಿವರಿಸಿ, ಗರ್ಭಿಣಿಗೆ ತಿಳಿಯುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆದು, ಅದರ ಪ್ರತಿಯನ್ನು ಆಕೆಗೇ ಕೊಡಬೇಕೆಂದೂ ಅದೇ ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಹೀಗಿದ್ದೂ ಇಂಗ್ಲಿಷ್ ಫಾರಂ ಮುಂದಿಟ್ಟು, ‘ಸೈನ್ ಹಾಕಮ್ಮ, ಹೊತ್ತಾಯ್ತು’ ಎನ್ನುವುದನ್ನು ನೋಡಿದ್ದೇನೆ. ಸಿಟ್ಟು ಬರುತ್ತದೆ. ಬೇಡ ಎನ್ನುವ ಹಕ್ಕೂ ಅವಳದೇ, ಗಂಡನದಲ್ಲ, ಅತ್ತೆಯದಲ್ಲ. ಕನ್ನಡದ ಫಾರಂ ಕೇಳಿ. ವರದಿಯಲ್ಲಿ ದೋಷ ಕಂಡರೆ ಮುಂದೇನು ಎಂಬುದನ್ನೂ ಸೂಜಿ ಹಾಕುವ ಮುನ್ನವೇ ವೈದ್ಯರ ಬಾಯಿಂದ ಹೇಳಿಸಿ.