ನೀಲಿ ಹೋಯಿತು, ಉಪ್ಪು ಉಳಿಯಿತು

ಬೆಳಿಗ್ಗೆ ರಾಯದುರ್ಗದಿಂದ ಬಳ್ಳಾರಿಗೆ ಹೊರಡುವ ಗಾಡಿಗಳಲ್ಲಿ ಜನರ ಜೊತೆ ಜೀನ್ಸ್ ಗಂಟುಗಳೂ ಪ್ರಯಾಣಿಸುತ್ತವೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. ಆದವಾನಿ, ಆಲೂರುಗಳೊಂದಿಗೆ ನಾವು ಆಂಧ್ರದ ಪಾಲಾದೆವು. ಆದರೂ ಹೊಲಿಗೆ ಇಲ್ಲಿ, ವ್ಯಾಪಾರ ಅಲ್ಲಿ ಎಂಬ ನಂಟು ಕಡಿದಿಲ್ಲ. ಆ ನಂಟಿನ ಅನ್ನ ಉಂಡವರಲ್ಲಿ ನಾನೂ ಒಬ್ಬ. ಹಾಗಾಗಿ ಜೀನ್ಸ್ ತೊಳೆಯುವ ಘಟಕಗಳ ಕೊಳೆನೀರಿನ ಪ್ರಶ್ನೆ ನಮಗೆ ಪಕ್ಕದೂರಿನ ಸುದ್ದಿಯಲ್ಲ.

ಹೊಲಿದ ಪ್ಯಾಂಟು ಅಂಗಡಿಗೆ ಹೋಗುವ ಮುನ್ನ ಹಲವು ಸಲ ತೊಳೆಯಬೇಕು. ಮೊದಲು ಗಂಜಿ ಬಿಡಿಸಬೇಕು, ಆಮೇಲೆ ಪ್ಯೂಮಿಸ್ ಕಲ್ಲು ಅಥವಾ ಕಿಣ್ವ ಹಾಕಿ ಬಣ್ಣ ತೇಯಬೇಕು, ಬ್ಲೀಚ್ ಮಾಡಬೇಕು, ಅದರ ಕಾವು ಇಳಿಸಲು ಬೇರೆ ರಾಸಾಯನಿಕ, ಕಡೆಗೆ ಮೆದುಗೊಳಿಸುವ ದ್ರಾವಣ. ಒಂದು ಕಿಲೋ ಬಟ್ಟೆಗೆ ಪ್ರತಿ ಸುತ್ತಿಗೆ 10 ಲೀಟರ್ ಎಂದಿಟ್ಟುಕೊಂಡರೂ ಆರು ಸುತ್ತಿಗೆ 60 ಲೀಟರ್ ಆಯಿತು. ಮಳೆ ಕಾಣದ ನಮ್ಮ ಸೀಮೆಯಲ್ಲಿ ಇದು ಸಣ್ಣ ಲೆಕ್ಕವಲ್ಲ.

"ನೀಲಿ ಹೋದ್ರೆ ಆತಲ್ರೀ, ಇನ್ನೇನ್ ಬೇಕು?" ಎಂದು ಘಟಕ ನಡೆಸುವ ಗೆಳೆಯರೊಬ್ಬರು ನನ್ನನ್ನು ಕೇಳಿದರು. ತಪ್ಪು ಇರುವುದು ಇಲ್ಲೇ. ನೀಲಿ ತೆಗೆಯುವುದು ಸುಲಭದ ಕೆಲಸ. ಇಂಡಿಗೊ ನೀರಿನಲ್ಲಿ ಕರಗುವುದಿಲ್ಲ, ಪುಡಿಯಾಗಿ ತೇಲುತ್ತದೆ. ಪಟಿಕವನ್ನೋ ಸುಣ್ಣವನ್ನೋ ಹಾಕಿದರೆ ತಳಕ್ಕೆ ಕೂರುತ್ತದೆ. ಗಂಜಿಯನ್ನು ಗಾಳಿ ಊದಿದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ತಿಂದು ಹಾಕುತ್ತವೆ. ಉಳಿಯುವುದು ಉಪ್ಪು. ಬ್ಲೀಚ್ ಮತ್ತು ಅದರ ಪರಿಹಾರದ ರಾಸಾಯನಿಕಗಳೆಲ್ಲ ಕೊನೆಗೆ ಲವಣವಾಗಿ ನೀರಲ್ಲಿ ಕರಗಿರುತ್ತವೆ. ಕಣ್ಣಿಗೆ ತಿಳಿಯಾದ ಈ ನೀರು ಹೊಲಕ್ಕೆ ಹೋದರೆ ಮಣ್ಣು ಕೆಡುತ್ತದೆ, ಬಾವಿ ಸವಳಾಗುತ್ತದೆ. ಕೇಂದ್ರ ಸರ್ಕಾರ 2016ರಲ್ಲಿ ಜವಳಿ ಉದ್ಯಮಕ್ಕೆ ಹೊರಡಿಸಿದ ಮಾನದಂಡದಲ್ಲಿ ಕರಗಿದ ಘನವಸ್ತುಗಳಿಗೆ ಲೀಟರಿಗೆ 2100 ಮಿಲಿಗ್ರಾಂ ಎಂಬ ಮಿತಿ ಇರುವುದು ಇದಕ್ಕಾಗಿಯೇ.

ಇದನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ತಿರುಪ್ಪೂರು ಸಾಕ್ಷಿ. ನೊಯ್ಯಲ್ ನದಿಗೆ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟೆ ಬಣ್ಣದ ಘಟಕಗಳ ಕೊಳೆನೀರಿನ ತೊಟ್ಟಿಯಾಯಿತು. ರೈತರು ಕೋರ್ಟಿಗೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಸುಮಾರು 700 ಘಟಕಗಳಿಗೆ ಬೀಗ ಹಾಕಿಸಿತು. ಬೀಗ ಬಿದ್ದದ್ದು ಮಾಲೀಕರ ಬಾಗಿಲಿಗೆ ಮಾತ್ರವಲ್ಲ, ಕೂಲಿಯವರ ಒಲೆಗೂ. ಆಮೇಲೆ ತೆರೆದ ಘಟಕಗಳು ಒಂದು ಹನಿಯನ್ನೂ ಹೊರಬಿಡದೆ ನೀರನ್ನು ಮತ್ತೆ ಬಳಸಬೇಕಾಯಿತು.

ನಾವು ಬೀಗದವರೆಗೆ ಕಾಯಬೇಕೇ? ಜೀನ್ಸ್ ತೊಳೆತದಲ್ಲಿ ಬಣ್ಣ ಹಾಕುವ ಕೆಲಸದಷ್ಟು ಉಪ್ಪು ಬೀಳುವುದಿಲ್ಲ ಎಂಬುದೇ ಸಮಾಧಾನ. ಮೊದಲು ನೀರುಗಳನ್ನು ಬೇರೆ ಮಾಡಬೇಕು. ಕಡೆಯ ಜಾಲಾಡಿಕೆಯ ನೀರು ಬಹುಪಾಲು ಶುದ್ಧ. ಸೋಸಿದರೆ ಮುಂದಿನ ಗಂಟಿನ ಗಂಜಿ ಬಿಡಿಸಲು ಸಾಕು. ಬ್ಲೀಚಿನ ನೀರನ್ನಷ್ಟೇ ಪ್ರತ್ಯೇಕ ಹಿಡಿದು ಆರ್‌ಓ ಪೊರೆಗೆ ಕಳಿಸಬೇಕು. ಎಲ್ಲವನ್ನೂ ಒಂದೇ ಚರಂಡಿಗೆ ಸುರಿದು ಆಮೇಲೆ ಶುದ್ಧ ಮಾಡುತ್ತೇವೆಂದರೆ ಖರ್ಚು ಮೈಮೇಲೆ ಬರುತ್ತದೆ.

ಆರ್‌ಓದಿಂದ ಹೊರಬರುವ ಉಪ್ಪುನೀರನ್ನು ಕುದಿಸಿ ಆರಿಸಲು ಸಣ್ಣ ಘಟಕದವನಿಗೆ ತಾಕತ್ತಿಲ್ಲ. ಅದಕ್ಕೆ ಸಾಮೂಹಿಕ ಸ್ಥಾವರವೇ ದಾರಿ. ಗಡಿಯ ಎರಡೂ ಕಡೆ ಹಂಚಿಹೋದ ಈ ಕಸುಬಿಗೆ ಎರಡು ರಾಜ್ಯಗಳ ಎರಡು ಮಂಡಳಿಗಳು ಬೇರೆ ಬೇರೆ ನೋಟಿಸು ಕೊಟ್ಟರೆ ಕೊಳೆ ಈ ಕಡೆಯಿಂದ ಆ ಕಡೆಗೆ ಜಾಗ ಬದಲಿಸುತ್ತದೆ, ಅಷ್ಟೇ. 1974ರ ಜಲಮಾಲಿನ್ಯ ಕಾಯ್ದೆಯ 13ನೇ ಕಲಮು ನೆರೆಹೊರೆಯ ರಾಜ್ಯಗಳು ಒಪ್ಪಂದ ಮಾಡಿಕೊಂಡು ಜಂಟಿ ಮಂಡಳಿ ರಚಿಸಲು ಅವಕಾಶ ಕೊಟ್ಟಿದೆ. ಬೆಂಗಳೂರು, ಅಮರಾವತಿಗಳು ಆ ಕಲಮನ್ನೊಮ್ಮೆ ಓದಲಿ.

ಹೊಳೆನೀರಿಗೆ ದೊಣೆನಾಯಕನ ಅಪ್ಪಣೆಯೇ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ನೆಲದೊಳಗೆ ಇಳಿಯುವ ಉಪ್ಪು ಕೂಡ ಯಾವ ಸರ್ಕಾರದ ಅಪ್ಪಣೆಯನ್ನೂ ಕೇಳುವುದಿಲ್ಲ.