ದಿಬ್ಬ ತೋಡುವ ಮುನ್ನ ರಾಗಿ ಪರೀಕ್ಷಿಸಿ

ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಕೆಲಸ ಹೋಯಿತು, ದಿಬ್ಬಗಳು ಉಳಿದವು. ಕೋಲಾರ ಚಿನ್ನದ ಗಣಿ ಪ್ರದೇಶ ಕೆಜಿಎಫ್ ಸುತ್ತ ಹದಿಮೂರು ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಗಣಿ ತ್ಯಾಜ್ಯ ಬಿದ್ದಿದೆ. ಅದರಲ್ಲಿ ಅಳಿದುಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅಂದಿನಿಂದ ನಡೆದಿರುವ ಮಾತೆಲ್ಲ ಉದ್ಯೋಗದ್ದು, ಬೊಕ್ಕಸದ್ದು. ದಿಬ್ಬದ ಬುಡದಿಂದ ಬಂಗಾರಪೇಟೆಯವರೆಗೆ ಹಬ್ಬಿರುವ ಹೊಲಗದ್ದೆಗಳ ಕಾಳಿನ ಸುದ್ದಿಯನ್ನು ಯಾರೂ ಎತ್ತುತ್ತಿಲ್ಲ.

ಊರಿನವರ ಬಾಯಲ್ಲಿ ಇವು ಸೈನೈಡ್ ದಿಬ್ಬಗಳು. ಹೆದರಿಕೆಯೂ ಸೈನೈಡಿನದೇ. ಆದರೆ ಸೈನೈಡ್ ಬಿಸಿಲು, ಗಾಳಿಗೆ ಸಿಕ್ಕಿ ಕಾಲಕ್ರಮೇಣ ಒಡೆದುಹೋಗುತ್ತದೆ. ಬಂಡೆಯ ಜೊತೆಗೇ ಮೇಲೆ ಬಂದ ಆರ್ಸೆನಿಕ್, ಸೀಸದಂತಹ ಭಾರಲೋಹಗಳು ಹಾಗೆ ಕರಗಿ ಮಾಯವಾಗುವುದಿಲ್ಲ. ಮೂರು ಕಿಲೊಮೀಟರಿಗೂ ಆಳದಿಂದ ಎತ್ತಿದ ಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು ಬಯಲಿಗೆ ಸುರಿದಿದ್ದೇವೆ. ಆಷಾಢದ ಗಾಳಿ ಅದನ್ನು ಹೊಲಕ್ಕೆ ಒಯ್ಯುತ್ತದೆ, ಮಳೆ ಕೆರೆಗೆ ಇಳಿಸುತ್ತದೆ.

ಕಾಳಿಗೆ ಲೋಹ ಸೇರುವ ಬಗೆ ಬೆಳೆಯಿಂದ ಬೆಳೆಗೆ ಬೇರೆ. ನೀರು ನಿಂತ ಗದ್ದೆಯ ಮಣ್ಣಿನಲ್ಲಿ ಗಾಳಿಯಾಡದು. ಅಲ್ಲಿ ಆರ್ಸೆನಿಕ್ ಸಡಿಲಗೊಂಡು, ಭತ್ತದ ಬೇರು ಸಿಲಿಕಾನ್ ಹೀರುವ ದಾರಿಯಲ್ಲೇ ಗಿಡದೊಳಗೆ ನುಗ್ಗುತ್ತದೆ. ಗದ್ದೆ ಒಣಗಿಸಿದರೆ ಆರ್ಸೆನಿಕ್ ತಗ್ಗೀತು, ಆದರೆ ಮಣ್ಣಿನಲ್ಲಿ ಕ್ಯಾಡ್ಮಿಯಂ ಇದ್ದರೆ ಅದು ಹೆಚ್ಚಾಗಿ ಏರುತ್ತದೆ. ಹಾಗಾಗಿ ಮಳೆಯಾಶ್ರಿತ ರಾಗಿಗೆ ಆರ್ಸೆನಿಕ್ ಕಾಟ ಕಡಿಮೆ ಎಂದು ನಿಶ್ಚಿಂತೆಯಿಂದ ಕೂರುವಂತಿಲ್ಲ. ದಿಬ್ಬದ ಜೊತೆಗೆ ನೀರಿನ ಪ್ರಶ್ನೆಯೂ ಇದೆ. ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದು ಅಂತರ್ಜಲ ಏರಿದೆ. ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ಬೆಂಗಳೂರಿನ ಕೊಳಚೆ ನೀರು ಅದು. ಆ ಹಂತದ ಶುದ್ಧೀಕರಣ ಲೋಹ ತೆಗೆಯಲೆಂದು ರೂಪಿಸಿದ್ದಲ್ಲ.

ಗಣಿಯಿಂದ ಗದ್ದೆಗೆ, ಗದ್ದೆಯಿಂದ ಮೂಳೆಗೆ ವಿಷ ಇಳಿದದ್ದನ್ನು ಜಪಾನ್ ಕಂಡಿದೆ. ಟೊಯಾಮಾ ಪ್ರಾಂತ್ಯದಲ್ಲಿ ಕಮಿಯೊಕಾ ಗಣಿಯ ಕ್ಯಾಡ್ಮಿಯಂ ಜಿಂಝೂ ನದಿಯ ನೀರಿನೊಂದಿಗೆ ಭತ್ತ ಸೇರಿತು. ಅನ್ನ ಉಂಡ ಹೆಂಗಸರ ಮೂತ್ರಪಿಂಡ ಕೆಟ್ಟು, ಮೂಳೆ ಮೆತ್ತಗಾಗಿ, ಕೆಮ್ಮಿದರೂ ಮುರಿಯುವಂತಾಯಿತು. ಇಟಾಯ್-ಇಟಾಯ್ ಎಂಬ ಆ ಕಾಯಿಲೆಗೆ ಮಾಲಿನ್ಯವೇ ಕಾರಣವೆಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ಗದ್ದೆಗಳ ಮಣ್ಣು ಬದಲಿಸುವ ಕೆಲಸ ಮುಗಿದದ್ದು 2012ಕ್ಕೆ. ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ: 1972ರಲ್ಲಿ ಮೊಕದ್ದಮೆ ಗೆದ್ದ ರೈತರು ಪರಿಹಾರ ಪಡೆದು ಸುಮ್ಮನಾಗಲಿಲ್ಲ, ಗಣಿಯೊಳಗೆ ಹೋಗಿ ತಪಾಸಣೆ ಮಾಡುವ ಹಕ್ಕನ್ನೂ ಪಡೆದರು.

ಜಪಾನ್ ದೂರವಾಯಿತು ಎನ್ನುವವರು ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾ ನೋಡಲಿ. ಪಾಳುಬಿದ್ದ ಚಿನ್ನದ ಗಣಿಯ ನೆರೆಯ ಆ ತಾಂಡಾದ ಕೊಳವೆಬಾವಿ ನೀರಿನಲ್ಲಿ ಆರ್ಸೆನಿಕ್ ಇತ್ತು. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತಪಾಸಣೆಗೆ ಒಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದಲ್ಲಿ ಅದರ ಗುರುತುಗಳಿದ್ದವು.

ಹಾಗಾದರೆ ಕಾಳನ್ನು ಪರೀಕ್ಷಿಸುವವರು ಯಾರು? ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅಜೈವಿಕ ಆರ್ಸೆನಿಕ್ ಕಿಲೊಗೆ 0.2 ಮಿಲಿಗ್ರಾಂ ಮೀರಬಾರದೆಂಬ ಅಂತರರಾಷ್ಟ್ರೀಯ ಕೋಡೆಕ್ಸ್ ಆಹಾರ ಮಾನದಂಡ 2014ರಿಂದಲೇ ಇದೆ. ಆದರೆ ನಮ್ಮ 2006ರ ಆಹಾರ ಸುರಕ್ಷತಾ ಕಾಯ್ದೆಯ 18ನೇ ಕಲಂ, ರೈತನ ಹೊಲದ ಮಟ್ಟದ ಬೆಳೆಯನ್ನು ಕಾಯ್ದೆಯಿಂದ ಹೊರಗಿಟ್ಟಿದೆ. ರೈತನಿಗೆ ಇನ್ಸ್‌ಪೆಕ್ಟರ್ ಕಾಟ ತಪ್ಪಿಸಿದ್ದು ಸರಿಯೇ. ಆದರೆ ಬೆಳೆದದ್ದನ್ನೇ ಬೀಸಿ ಉಣ್ಣುವ ಮನೆಯ ರಾಗಿಯನ್ನು ಯಾರೂ ನೋಡುವುದಿಲ್ಲ. ಮಣ್ಣು ಆರೋಗ್ಯ ಚೀಟಿ ಹನ್ನೆರಡು ಅಂಶ ಅಳೆಯುತ್ತದೆ. ಸತು, ತಾಮ್ರ ಅದರಲ್ಲಿವೆ, ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಇಲ್ಲ.

ಅಪಾಯ ತಟ್ಟೆಯಿಂದ ತಟ್ಟೆಗೆ ಬೇರೆಯಾಗುತ್ತದೆ. ಎರಡು ಹೊತ್ತು ಮುದ್ದೆ ಉಣ್ಣುವ ಕೂಲಿಯಾಳಿಗೂ ಅಪರೂಪಕ್ಕೆ ತಿನ್ನುವ ಪೇಟೆಯವನಿಗೂ ಒಂದೇ ಲೆಕ್ಕ ಹೊಂದದು. ರಾಗಿ ಸರಿ ಕುಡಿಯುವ ಮಗುವಿನ ತೂಕ ಕಡಿಮೆ, ಬೆಳೆಯುವ ಮಿದುಳಿಗೆ ಸೀಸದ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ. ಕಬ್ಬಿಣದ ಕೊರತೆಯ ಹೆಂಗಸರ ಮೈ ಕ್ಯಾಡ್ಮಿಯಂ ಅನ್ನು ಹೆಚ್ಚು ಹೀರುತ್ತದೆ. ಹೀರಿದ್ದು ಮೂತ್ರಪಿಂಡದಲ್ಲಿ ದಶಕಗಟ್ಟಲೆ ಕೂರುತ್ತದೆ.

ಇದನ್ನೋದಿ ಯಾರೂ ರಾಗಿ ಬಿಡಬೇಕಿಲ್ಲ. ಅದರ ಸುಣ್ಣ, ಕಬ್ಬಿಣದ ಸತ್ವಗಳೇ ಲೋಹಗಳ ವಿರುದ್ಧ ಮೈಗೆ ಒಂದಿಷ್ಟು ಕಾವಲು. ಕಾಳನ್ನು ಚೆನ್ನಾಗಿ ತೊಳೆದು ಒಣಗಿಸಿದರೆ ಮೇಲಿನ ಧೂಳು ಹೋಗುತ್ತದೆ. ಕುಕ್ಕರ್ ಬಿಟ್ಟು, ಶುದ್ಧ ನೀರಿನಲ್ಲಿ ಬೇಯಿಸಿ ಗಂಜಿ ಬಸಿದ ಅನ್ನದಲ್ಲಿ ಆರ್ಸೆನಿಕ್ ಸಾಕಷ್ಟು ತಗ್ಗುತ್ತದೆ. ಆದರೆ ಅಡುಗೆಮನೆಯ ಮೇಲೆ ಭಾರ ಹೊರಿಸಿ ಸರ್ಕಾರ ಕೈತೊಳೆದುಕೊಳ್ಳಬಾರದು.

ದಿಬ್ಬಕ್ಕೆ ಮೊದಲ ಯಂತ್ರ ಇಳಿದ ಮೇಲೆ, ಯಾವುದು ಹಳೆಯ ಮಾಲಿನ್ಯ, ಯಾವುದು ಹೊಸದು ಎಂದು ಬೇರ್ಪಡಿಸಲಾಗದು. ಗುತ್ತಿಗೆದಾರನಿಗೆ ಅದೇ ಅನುಕೂಲ. ಆದ್ದರಿಂದ ಮೊದಲೇ ಕೆಜಿಎಫ್, ಬಂಗಾರಪೇಟೆ ತಾಲ್ಲೂಕುಗಳ ಹಳ್ಳಿ ಹಳ್ಳಿಯ ಮಣ್ಣು, ಕೊಳವೆಬಾವಿ, ರಾಗಿ, ಭತ್ತದ ಮಾದರಿ ತೆಗೆಯಲಿ. ಪರೀಕ್ಷೆಗೆ ಮೈಸೂರಿನ ಸಿಎಫ್‌ಟಿಆರ್‌ಐನಂತಹ ಆಹಾರ ಸಂಶೋಧನಾ ಸಂಸ್ಥೆ ನಮ್ಮಲ್ಲೇ ಇದೆ. ಫಲಿತಾಂಶವನ್ನು ಕನ್ನಡ, ತಮಿಳು ಎರಡರಲ್ಲೂ ಪಂಚಾಯಿತಿ ಗೋಡೆಗೆ ಅಂಟಿಸಲಿ. ಯೋಜನೆಯ ಸಾರ್ವಜನಿಕ ಅಹವಾಲು ಸಭೆಗೆ ಹೋಗುವ ರೈತರು ಎಷ್ಟು ಕೆಲಸ ಸಿಗುತ್ತದೆ ಎಂದು ಕೇಳುವ ಮೊದಲು, ನಮ್ಮ ರಾಗಿಯಲ್ಲಿ ಸೀಸ ಎಷ್ಟಿದೆ ಎಂದು ಕೇಳಲಿ.